ಹನ್ನೊಂದೂವರೆಗೆ ನಿಂತ ಮಗ್ಗ

ಸುವರ್ಣಾ ಅವರೇ, ಅಂದು ಕರೆಂಟ್ ಹೋಗಿರಲಿಲ್ಲ. ಮಗ್ಗ ನಿಲ್ಲಿಸಿದ್ದು ನಾನು. ನಿಲ್ಲಿಸಿರೆಂದು ನಿಮ್ಮ ಭಾವನಿಗೆ ಹೇಳಿ, ನಿಮಗೆ ಹೇಳದೆ, ಏನೂ ಅರಿಯದವಳಂತೆ ನಿಮ್ಮೆದುರು ಬಂದು ಕುಳಿತವಳು ನಾನು. ಹನ್ನೊಂದು ವರ್ಷ ಇದನ್ನು ನುಂಗಿಕೊಂಡಿದ್ದೇನೆ — ನುಂಗಿಕೊಂಡು, ಇದರ ಮೇಲೆಯೇ ನೌಕರಿ, ಹೆಸರು ಎಲ್ಲ ಕಟ್ಟಿಕೊಂಡಿದ್ದೇನೆ.

ಆಗ ನಾನು ಜಮಖಂಡಿಯಲ್ಲಿ ಸಮಾಜಕಾರ್ಯದ ಪಾಠ ಹೇಳುತ್ತಿದ್ದೆ, ಜೊತೆಗೆ ಪಿಎಚ್‌ಡಿ. ಮನೆಯೊಳಗಿನ ದೌರ್ಜನ್ಯ ನೇಕಾರ ಹೆಂಗಸರ ಮನಸ್ಸಿಗೆ ಮಾಡುವ ಗಾಯ — ಅದು ನನ್ನ ವಿಷಯ. ಪ್ರತಿ ಗುರುವಾರ ಬನಹಟ್ಟಿಯ ನಿಮ್ಮ ಮನೆಗೆ ಬರುತ್ತಿದ್ದೆ. ಗಂಡ ಇಚಲಕರಂಜಿಯಲ್ಲಿ ದುಡಿಯುತ್ತಿದ್ದರು. ಇಲ್ಲಿ ನೀವು, ಹತ್ತನೆಯ ತರಗತಿಯ ಮಗಳು ವಿದ್ಯಾ, ಅತ್ತೆ, ಮತ್ತು ಗೋಡೆಯಾಚೆ ಮೂರು ಪವರ್‌ಲೂಮ್ ನಡೆಸುವ ಗಂಡನ ಅಣ್ಣ, ನಿಮ್ಮ ಭಾವ. ನೀವು ಕಂಡಿಕೆಗೆ ನೂಲು ಸುತ್ತುತ್ತಲೇ ಮಾತಾಡುತ್ತಿದ್ದಿರಿ. ಮೊದಲ ದಿನವೇ ಒಂದು ಷರತ್ತು ಹಾಕಿದ್ದಿರಿ.

"ಮಗ್ಗ ನಡಿಯಾಕತ್ತಿದ್ರ ಅಷ್ಟ ಮಾತಾಡ್ತೀನ್ರಿ ಮೇಡಮ್. ಆ ಸಪ್ಪಳದಾಗ ಯಾರ ಕಿವಿಗೂ ಬೀಳಂಗಿಲ್ಲ. ವಿದ್ಯಾನ ಪರೀಕ್ಷಿ ಮುಗೀಲಿ, ಆಕಿನ್ನ ಕರಕೊಂಡು ಸಾವಳಗಿಗೆ ಅಕ್ಕನ ಮನಿಗೆ ಹೋಗ್ತೀನಿ. ಅಲ್ಲೀತನಾ ಯಾರಿಗೂ ಗೊತ್ತಾಗಬಾರದು."

ನಾನು ಮಾತು ಕೊಟ್ಟೆ.

ಮಗ್ಗದ ಮನೆಯವರು ಕೂಗಿಯೇ ಮಾತಾಡುತ್ತಾರೆ. ಹಾಗೆ ಮಾತಾಡುತ್ತಿದ್ದೇವೆಂಬುದು ಅವರಿಗೇ ಗೊತ್ತಿರುವುದಿಲ್ಲ. ನೀವೂ ನಿಮ್ಮ ಸಂಕಟವನ್ನೆಲ್ಲ ಕೂಗಿಯೇ ಹೇಳಿದಿರಿ, ನಾನು ಬಗ್ಗಿ ಕೇಳಿಸಿಕೊಂಡೆ. ರೆಕಾರ್ಡ್ ಮಾಡಿಕೊಳ್ಳಲು ಒಪ್ಪಿದ್ದಿರಿ. ಆದರೆ ನನ್ನ ಫೋನಿಗೆ ಸಿಕ್ಕಿದ್ದು ಬರೀ ಖಟಖಟ. ಮಾರ್ಗದರ್ಶಕರು ಕೇಳಿ, "ಇದರೊಳಗ ಹೆಣ್ಮಗಳು ಎಲ್ಲಿದಾಳ್ರಿ?" ಎಂದು ನಕ್ಕರು. ನನಗೆ ಅವಮಾನವಾಯಿತು. ಅಷ್ಟೇ — ಅಷ್ಟಕ್ಕೇ —

ಮುಂದಿನ ಗುರುವಾರ ನಿಮ್ಮ ಕೋಣೆಗೆ ಬರುವ ಮೊದಲು ಮಗ್ಗದ ಕೋಣೆಗೆ ಹೋದೆ. "ಅಣ್ಣಾರ, ಹನ್ನೊಂದೂವರಿಗೆ ಒಂದ ಹತ್ತ ನಿಮಿಷ ಮಗ್ಗ ನಿಲ್ಲಸ್ತೀರೇನ್ರಿ? ರೆಕಾರ್ಡಿಂಗ್ ಛಲೋ ಬರ್ತೈತಿ" ಎಂದೆ. ಆತ ಆಗಲಿ ಎಂದ. ಭಾಳ ಮರ್ಯಾದೆಯಿಂದಲೇ ಎಂದ.

ನಿಮ್ಮ ಮೈಮೇಲೆ ಕೈ ಹಾಕಿದವನು ಯಾರೆಂದು ನೀವು ಆವರೆಗೆ ಹೇಳಿರಲಿಲ್ಲ, 'ಮನಿಯವರs' ಎಂದಷ್ಟೇ ಹೇಳಿದ್ದಿರಿ. ಆ ಮನೆಯಲ್ಲಿದ್ದ ಗಂಡಸು ಒಬ್ಬನೇ. ನನಗೆ ಗೊತ್ತಾಗಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಊಹೆ ಇತ್ತು. ಸದ್ದು ನಿಂತರೆ ನಿಮ್ಮ ದನಿ ತಾನಾಗಿಯೇ ತಗ್ಗುತ್ತದೆ ಎಂದುಕೊಂಡೆ — ನಿಲ್ಲುವ ಆ ಗಳಿಗೆಗೆ ನೀವು ಯಾವ ಮಾತಿನ ನಡುವೆ ಇರುತ್ತೀರಿ ಎಂದು ಯೋಚಿಸಲೇ ಇಲ್ಲ.

"ಅಂವ ಬ್ಯಾರೆ ಯಾರೂ ಅಲ್ರಿ ಮೇಡಮ್, ನಮ್ಮ ಭಾವ!"

ಮೂರೂ ಮಗ್ಗ ನಿಂತಿದ್ದವು. ನಿಮ್ಮ ಮಾತಷ್ಟೇ ಇತ್ತು, ಇಡೀ ಮನೆ ತುಂಬ. ನೀವು ನನ್ನನ್ನೇ ನೋಡುತ್ತಿದ್ದಿರಿ, ಏನಾದರೂ ಮಾಡುತ್ತೇನೆಂದು. ನಾನು ಮಾಡಿದ್ದು ಇಷ್ಟು:

"ಕರೆಂಟ್ ಹೋಗಿರಬೇಕ್ರಿ" ಎಂದೆ.

ಆಮೇಲೆ ಆತ ಎಣ್ಣೆಗೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ. "ಆತೇನ್ರಿ ಮೇಡಮ್ ನಿಮ್ಮ ಕೆಲಸ? ಚಹಾ ಕುಡದ ಹೋಗ್ರಿ." ನಾನು ಕುಡಿದೆ. ನಿಮ್ಮನ್ನು, ಪುಸ್ತಕ ತೆರೆದು ಕೂತಿದ್ದ ವಿದ್ಯಾಳನ್ನು ಅಲ್ಲಿಯೇ ಬಿಟ್ಟು, ಜಮಖಂಡಿ ಬಸ್ಸು ತಪ್ಪುತ್ತದೆಂದು ಎದ್ದು ಬಂದೆ. ನಿಮ್ಮನ್ನು ಜೊತೆಗೆ ಕರೆದುಕೊಂಡು ಬರಬಹುದಿತ್ತು. ಪೊಲೀಸರಿಗೆ ಫೋನ್ ಮಾಡಬಹುದಿತ್ತು. ಏನೇನು ಮಾಡಬಹುದೆಂದು ನನ್ನ ವಿದ್ಯಾರ್ಥಿಗಳಿಗೆ ಪಟ್ಟಿ ಬರೆಸಿದವಳು ನಾನೇ.

ಮುಂದಿನ ವಾರ ನೀವಿರಲಿಲ್ಲ. ಆತನೇ ಬಾಗಿಲಲ್ಲಿ ನಿಂತು ಹೇಳಿದ: "ಹೊರಗ ಹಾಕೇವ್ರಿ ಆಕೀನ್ನ. ತಲಿ ಸರಿ ಇಲ್ಲ ಆಕೀದು. ಇಲ್ಲಂದ್ರ ಹುಚ್ಚರಿಗೆ ಕೌನ್ಸೆಲಿಂಗ್ ಮಾಡೋ ನೀವ್ಯಾಕ ಬರ್ತಿದ್ರಿ ನಮ್ಮನಿಗೆ?" ಊರಿಗೂ, ನಿಮ್ಮ ಗಂಡನಿಗೂ ಇದನ್ನೇ ಹೇಳಿ ನಂಬಿಸಿದ್ದ. ನಾನು ವಾರವಾರ ಬಂದದ್ದೇ ಅವನಿಗೆ ಸಾಕ್ಷಿಯಾಯಿತು. ಆಕೆಗೆ ಹುಚ್ಚಿಲ್ಲ ಎಂದು ಹೇಳುವ ಓದು, ಅಧಿಕಾರ ಎರಡೂ ನನಗಿತ್ತು. ಹೇಳಲಿಲ್ಲ. ಹೇಳಿದರೆ ಮಗ್ಗದ ಮಾತೂ ಹೊರಗೆ ಬರುತ್ತಿತ್ತು. ವಿದ್ಯಾ ಆ ವರ್ಷ ಪರೀಕ್ಷೆಗೆ ಕೂರಲಿಲ್ಲವೆಂದು ಓಣಿಯಲ್ಲಿ ಕೇಳಿದೆ. ಪ್ರಬಂಧದಲ್ಲಿ 'ಸ್ಥಳಾಂತರದಿಂದಾಗಿ ಸಂದರ್ಶನ ಅಪೂರ್ಣ' ಎಂದು ಬರೆದೆ.

ಆದರೆ ಮಗ್ಗ ನಿಂತಾಗಿನ ಆ ಒಂದು ಮಾತು ಸ್ವಚ್ಛವಾಗಿ ರೆಕಾರ್ಡ್ ಆಗಿತ್ತು. ಹೆಸರಿಲ್ಲವಲ್ಲ, ಯಾರಿಗೆ ತಿಳಿಯುತ್ತದೆ ಎಂದು ಅದನ್ನು ಬೀಳಗಿ, ಮುಧೋಳ ಎಂದು ಹೋದಲ್ಲೆಲ್ಲ ತರಬೇತಿಗಳಲ್ಲಿ ಕೇಳಿಸಿದೆ. ಸಂತ್ರಸ್ತೆ ಮೌನ ಮುರಿಯುವ ಗಳಿಗೆ ಎಂದು ವಿವರಿಸಿದೆ. ಜನ ಕಣ್ಣೊರೆಸಿಕೊಂಡರು. ನಾನು ಪ್ರಾಧ್ಯಾಪಕಿಯಾದೆ.

ಹೋದ ತಿಂಗಳು ಮುಧೋಳದಲ್ಲಿ ಅಂಗನವಾಡಿ ಸಹಾಯಕಿಯರ ತರಬೇತಿ. ಅಂದೂ ಕೇಳಿಸಿದೆ. ಊಟದ ಬಿಡುವಿನಲ್ಲಿ ಒಬ್ಬಳು ಹತ್ತಿರ ಬಂದಳು.

"ಮೇಡಮ್, ನಾ ವಿದ್ಯಾ. ಅದು ನಮ್ಮವ್ವನ ಧ್ವನಿ."

ನನ್ನ ಕೈಯಲ್ಲಿದ್ದ ತಟ್ಟೆಯನ್ನು ಅವಳೇ ಇಸಿದುಕೊಂಡು ಕೆಳಗಿಟ್ಟಳು. ಆಮೇಲೆ, ಸಿಟ್ಟಿಲ್ಲದೆ, ಹೇಳಿದಳು: "ಅವ್ವ ಇವತ್ತಿಗೂ ಅಂತಾಳ್ರಿ. ಕರೆಂಟ್ ಹೋಗೋ ಹೊತ್ತಿನ್ಯಾಗ ನಾನs ಒದರಿದೆ, ಸಣ್ಣಗ ಹೇಳಿದ್ರ ನಿನ್ನ ಸಾಲಿ ಉಳೀತಿತ್ತು, ತಪ್ಪ ನಂದs ಅಂತ. ಸಾವಳಗ್ಯಾಗ ದೊಡ್ಡವ್ವನ ಮನ್ಯಾಗ ಅದೇವ್ರಿ, ಈಗ ಮಾತs ಆಡಂಗಿಲ್ರಿ ಆಕಿ. ಏನ ಕೇಳಿದ್ರೂ ಕೈಸನ್ನಿ."

ಆಗಲೂ ನಿಜ ಬಿಟ್ಟು, "ನಿಮ್ಮವ್ವ ಭಾಳ ಗಟ್ಟಿ ಹೆಣ್ಮಗಳು" ಎಂದೆ. ಥೂ!

ಆ ರೆಕಾರ್ಡಿಂಗ್ ಅಳಿಸಿದ್ದೇನೆ. ನಡೆದದ್ದನ್ನು ವಿಶ್ವವಿದ್ಯಾಲಯಕ್ಕೆ ಬರೆದು ಕೊಟ್ಟಿದ್ದೇನೆ; ಅವರು ಏನು ಮಾಡುತ್ತಾರೋ ಮಾಡಲಿ. ಈ ಕಾಗದ ವಿದ್ಯಾಳ ಕೈಯಲ್ಲಿ ಕಳಿಸುತ್ತಿದ್ದೇನೆ, ಅವಳೇ ನಿಮಗೆ ಓದಿ ಹೇಳಲಿ. ನೀವು ಒಪ್ಪಿದರೆ ಸಾವಳಗಿಗೆ ಬಂದು ಎದುರು ನಿಂತು ಹೇಳುತ್ತೇನೆ. ಒಪ್ಪದಿದ್ದರೆ ಬರುವುದಿಲ್ಲ.

'ತಪ್ಪು ನಿನ್ನದಲ್ಲ' — ಎಷ್ಟೋ ಹೆಂಗಸರಿಗೆ ಈ ಮಾತು ಹೇಳಿದ್ದೇನೆ, ಹೇಳಲು ಕಲಿಸಿದ್ದೇನೆ, ಅದಕ್ಕೆ ಸಂಬಳ ತೆಗೆದುಕೊಂಡಿದ್ದೇನೆ. ನಿಮ್ಮೊಬ್ಬರಿಗೆ ಮಾತ್ರ ಅಷ್ಟು ಹೇಳಿದರೆ ಸಾಲದಿತ್ತು, ಯಾರದೆಂದೂ ಹೇಳಬೇಕಿತ್ತು. ಕೈ ಹಾಕಿದ್ದು ಅವನ ತಪ್ಪು. ನಿಮ್ಮ ಮಾತು ಅವನ ಕಿವಿಗೆ ಬಿದ್ದದ್ದು ನನ್ನದು.