ಮೊದಲ ಪ್ಯಾರಾದಲ್ಲೇ ಸತ್ತ ಕೆಡೆಟ್

ನಮ್ಮ ಎದುರು ಕ್ವಾರ್ಟರ್ಸಿನ ವಿಜ್ಞಾನದ ಟೀಚರ್ ಚಂದ್ರಲೋಕದ ಸೈನಿಕ ಅಕಾಡೆಮಿಯ ಕಥೆ ಶುರುಮಾಡಿದ ಮೇಲೆ, ಭಾನುವಾರ ಸಂಜೆ ನನ್ನ ಮಗಳು ಮನೆಯಲ್ಲಿರುವುದೇ ನಿಂತುಹೋಯಿತು. ಜಾಲಹಳ್ಳಿಯ ನಮ್ಮ ಟೌನ್‌ಶಿಪ್ಪಿನ ವಾಚನಾಲಯದ ಜಗಲಿಯಲ್ಲಿ ಅವರು ವಾರಕ್ಕೊಂದು ಅಧ್ಯಾಯ ಬರೆದು ತಂದು ಮಕ್ಕಳಿಗೆ ಓದುತ್ತಿದ್ದರು. ವಾಯುಪಡೆಯ ಕಾಂಪೌಂಡಿನ ಪಕ್ಕ ಬೆಳೆದ ಮಕ್ಕಳಿಗೆ ಪರೇಡು, ಸೆಲ್ಯೂಟು ಹೊಸದಲ್ಲ. ಆದರೆ ಟೀಚರ ಕೆಡೆಟ್‌ಗಳು ಬಾಗಿಲು ತೆರೆಯುವ ಮೊದಲು ಅದಕ್ಕೆ ಅಂಗೈ ಒತ್ತಿ, ಆಚೆ ಗಾಳಿ ಇದೆಯೇ ಎಂದು ಪರೀಕ್ಷಿಸುತ್ತಿದ್ದರು. ನನ್ನ ಮಗಳು ಬಚ್ಚಲುಮನೆಯ ಬಾಗಿಲಿಗೂ ಅಂಗೈ ಒತ್ತತೊಡಗಿದಳು. ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ನಾನು ಪತ್ರಿಕೆಯೊಂದರ ಉಪಸಂಪಾದಕ. ಬೇರೆಯವರ ವಾಕ್ಯ ತಿದ್ದುವುದೇ ನನ್ನ ಉದ್ಯೋಗ. ಟೀಚರ ಬರಹ ಸಡಿಲ, ಪುಟದ ತುಂಬ ‘ಥಟ್ಟನೆ’ಗಳೇ ಎಂದು ಮಗಳಿಗೆ ಹೇಳಿದೆ.

“ಇರ್ಲಿ ಬಿಡಪ್ಪ. ನೀನೊಂದು ಬರಿ, ನೋಡೋಣ.”

ಬರೆದೆ. ಮಂಗಳನ ಸುತ್ತ ತಿರುಗುವ ಅಕಾಡೆಮಿ, ಅಲ್ಲಿನ ಹೊಸ ಕೆಡೆಟ್‌ಗಳು. ಆಮ್ಲಜನಕದ ಲೆಕ್ಕ, ಅಧಿಕಾರಿಗಳ ದರ್ಜೆ, ಡ್ಯೂಟಿಯ ಪಾಳಿ, ಯಾವುದನ್ನೂ ಊಹೆಗೆ ಬಿಡಲಿಲ್ಲ. ಅವಳ ಕೈಗೆ ಕೊಟ್ಟು, ಮೊಬೈಲ್ ನೋಡುವವನಂತೆ ಕುಳಿತೆ. ಒಂದು ಪುಟ ಓದಿ ಹಿಂದಕ್ಕೆ ಕೊಟ್ಟಳು.

“ಉಳಿದಿದ್ದು?”

“ಅಪ್ಪಾ, ಚಿಕ್ಕ ಕೆಡೆಟ್ ಸಾಯ್ತಾನೆ, ಕಮಾಂಡರೇ ಮೋಸಗಾರ ಅಂತ ಮೊದಲ್ನೇ ಪ್ಯಾರಾದಲ್ಲೇ ಹೇಳ್ಬಿಟ್ಟಿದ್ದೀಯ. ಇನ್ನೇನ್ ಓದ್ಲಿ? ಪೇಪರ್ ಓದ್ದಂಗಾಯ್ತು.”

ನೋಡಿದೆ. “ಮಂಗಳ ಕಕ್ಷೆಯ ಅಕಾಡೆಮಿಯಲ್ಲಿ ಗಾಳಿ ಸೋರಿಕೆಯಿಂದ ಕೆಡೆಟ್ ಒಬ್ಬ ಮೃತಪಟ್ಟಿದ್ದು, ಕಮಾಂಡರ್ ಕೈವಾಡ ಬಯಲಾಗಿದೆ” ಎಂದೇ ಆರಂಭವಾಗಿತ್ತು. ಪುಟದಲ್ಲಿ ಜಾಗ ಸಾಲದಾದಾಗ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಅದಕ್ಕೇ ಯಾರು ಸತ್ತರು, ಯಾರಿಂದ ಎನ್ನುವುದನ್ನು ಮೇಲೆಯೇ ಬರೆದುಬಿಡುತ್ತೇವೆ. ಕೈ ತನ್ನ ಪಾಡಿಗೆ ತಾನು ಅದನ್ನೇ ಮಾಡಿತ್ತು. ಆ ಪ್ಯಾರಾ ಹೊಡೆದುಹಾಕಿದೆ. ಸಾಯುವವನನ್ನೂ ಮೋಸಗಾರನನ್ನೂ ಬದಲಿಸಿದೆ. ಬದಲಿಸಿದ್ದೇನೆ ಎಂದು ಹೇಳಿದರೂ ಅವಳು “ಆಮೇಲೆ ಓದ್ತೀನಿ” ಎಂದಳೇ ಹೊರತು ಕೈಗೆತ್ತಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಟೀಚರಿಗೆ ಪರೀಕ್ಷೆಯ ಪೇಪರ್ ತಿದ್ದುವ ಕೆಲಸವಿದ್ದು, ಅಧ್ಯಾಯ ಬರೆಯಲಾಗಿರಲಿಲ್ಲ. ಯಾರ ಬಳಿಯಾದರೂ ಕಥೆ ಇದ್ದರೆ ತನ್ನಿ ಎಂದರಂತೆ. ಮಗಳು ಓಡಿಬಂದು ನನ್ನ ಮೊದಲ ಅಧ್ಯಾಯ ಎತ್ತಿಕೊಂಡು ಹೋದಳು. ಹಿಂದೆಯೇ ಹೋಗಿ ವಾಚನಾಲಯದ ಕಂಬದ ಬಳಿ ನಿಂತೆ.

ಟೀಚರ್ ಓದಿದರು. ನಾನು ಬರೆಯದ ‘ಥಟ್ಟನೆ’ಗಳನ್ನು ಸೇರಿಸಿದರು. ಕಮಾಂಡರನಿಗೆ ಗೊಗ್ಗರು ದನಿ ಕೊಟ್ಟರು. ನಾನು ಒಂದು ಸಾಲಿನಲ್ಲಿ ಮುಗಿಸಿದ್ದ ಕೆಂಪು ದೀಪದ ಎಚ್ಚರಿಕೆ ಬಂದಾಗ ಓದು ನಿಲ್ಲಿಸಿ ಮಕ್ಕಳ ಮುಖ ನೋಡಿದರು. ಮಗಳು ಮೊಣಕಾಲ ಮೇಲೆ ಎದ್ದು ಕುಳಿತಿದ್ದಳು. ಅಲ್ಲಿಗೇ ಹಾಳೆ ಮಡಚಿದರು.

“ಅಯ್ಯೋ ಮಿಸ್, ಇನ್ನೊಂಚೂರು!”

“ಮುಂದೇನಾಯ್ತು ಮಿಸ್?”

“ನಂಗೇನ್ರೋ ಗೊತ್ತು? ಬರ್ದೋರು ಅಲ್ಲಿ ನಿಂತಿದ್ದಾರೆ, ಕೇಳಿ.”

ಮಕ್ಕಳೆಲ್ಲ ನನ್ನತ್ತ ತಿರುಗಿದರು. ಮತ್ತೆ ಟೀಚರ ಕಡೆಗೇ ತಿರುಗಿಕೊಂಡರು.

ಮನೆಗೆ ಬರುವಾಗ ಮಗಳು, “ಸಕ್ಕತ್ತಾಗಿತ್ತಪ್ಪ” ಎಂದಳು.

“ಉಳಿದಿದ್ದು ಮನೇಲಿದೆ. ಹೋಗ್ತಿದ್ದಂಗೆ ಓದು.”

“ಬೇಡ. ಮಿಸ್ಸೇ ಓದ್ಲಿ.”

ಬೆಳಿಗ್ಗೆ ಆಫೀಸಿಗೆ ಹೊರಟವನು ಎದುರು ಮನೆಯ ಬೆಲ್ ಒತ್ತಿ, ಉಳಿದ ಅಧ್ಯಾಯಗಳನ್ನು ಕೊಟ್ಟೆ.

“ಸಾರ್, ಅಲ್ಲಲ್ಲಿ ಸ್ವಲ್ಪ ಸೇರಿಸ್ಕೊಂಡು ಓದಿದ್ರೆ ಬೇಜಾರಿಲ್ಲ ತಾನೆ?” ಎಂದು ಕೇಳಿದರು. ನಿಜವಾಗಿಯೂ ಸಂಕೋಚದಿಂದಲೇ ಕೇಳಿದರು. ಅದಕ್ಕೇ ನನಗೆ ಇನ್ನೂ ಹೆಚ್ಚು ಉರಿಯಿತು.

“ಸೇರಿಸ್ಕೊಳ್ಳಿ ಮೇಡಂ” ಎಂದೆ. “ಏನೂ ತೆಗೀಬೇಡಿ, ಅಷ್ಟೆ.”