ಮೊಲದ ಪ್ರತಿಕಾಯ ತೋರಿಸಿದ ಗೆರೆ

ಎರಡು ವರ್ಷ ನಾನು ನೋಡಿದ್ದು ತಪ್ಪು ಗೆರೆಯನ್ನು. ಅದು ಗೊತ್ತಾದ ದಿನ ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತೆ. ಬೆಳಗ್ಗಿನಿಂದ ನಿಂತು ಕಾಲು ನೋಯುತ್ತಿತ್ತು.

ಆಗ ನಾನು ಸುಳ್ಯದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಮನೆ ಮಂಡೆಕೋಲಿನಲ್ಲಿ. ಎಲೆಯಡಿಕೆ, ಹೊಗೆಸೊಪ್ಪು ಜಗಿಯುವವರ ಬಾಯೊಳಗೆ ಕಾಣಿಸಿಕೊಳ್ಳುವ, ಮುಂದೆ ಕ್ಯಾನ್ಸರ್ ಆಗಬಹುದಾದ ಬಿಳಿ ಮಚ್ಚೆಗಳು ನನ್ನ ಅಧ್ಯಯನದ ವಿಷಯ. ಜೀವಕೋಶಗಳು ಬೆಳೆದು ಎರಡಾಗಲು ಪಾಲಿಅಮೈನ್ ಎಂಬ ಸಣ್ಣ ಅಣುಗಳು ಬೇಕು. ಅವುಗಳ ತಯಾರಿಗೆ ಮೊದಲು ಕೈಹಾಕುವುದು ಆರ್ನಿಥೀನ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವ. ಮಚ್ಚೆಯಲ್ಲಿ ಈ ಕಿಣ್ವ ಹೆಚ್ಚಾಗಿದೆಯೇ ಎಂದು ನಾನು ನೋಡಬೇಕಿತ್ತು. ಅದನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯವನ್ನು ಮೊಲದ ರಕ್ತದಿಂದ ತಯಾರಿಸಿ, ಹನಿ ಲೆಕ್ಕದಲ್ಲಿ ಪುಟ್ಟ ಶೀಶೆಯಲ್ಲಿ ಮಾರುತ್ತಾರೆ. ಬಾಯಿಯಿಂದ ತೆಗೆದ ಚೂರನ್ನು ಅರೆದು, ಅದರ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ತೆಳ್ಳಗಿನ ಹಾಳೆಗೆ ಇಳಿಸಿ, ಮೇಲೆ ಈ ಪ್ರತಿಕಾಯ ಹಾಕಿದರೆ, ಕಿಣ್ವ ಇದ್ದಲ್ಲಿ ಕಪ್ಪು ಗೆರೆ ಮೂಡಬೇಕು. ನನಗೆ ಮೂಡಿತ್ತು. ಎಲ್ಲರ ಚೂರಿನಲ್ಲೂ ಮೂಡಿತ್ತು.

ನಾನು ಸಂಶಯಪಡಬೇಕಿದ್ದದ್ದೇ ಅಲ್ಲಿ. ಈ ಕಿಣ್ವದ ಆಯುಸ್ಸು ತೀರಾ ಕಡಿಮೆ. ಅರ್ಧ ಗಂಟೆಯೊಳಗೆ ಜೀವಕೋಶವೇ ಅದನ್ನು ಒಡೆದುಹಾಕುತ್ತದೆ. ಹಾಗಾಗಿಯೇ ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಚೂರು ತೆಗೆಯುವಾಗ, ಅದನ್ನು ಕೂಡಲೇ ಹೆಪ್ಪುಗಟ್ಟಿಸಲು ಬಾಗಿಲ ಹೊರಗೆ ದ್ರವ ಸಾರಜನಕದ ಫ್ಲಾಸ್ಕು ಹಿಡಿದು ನಿಂತಿರುತ್ತಿದ್ದೆ. ದನಗಳಿಗೆ ಕೃತಕ ಗರ್ಭಧಾರಣೆ ಮಾಡುವವರ ಹತ್ತಿರ ಬೇಡಿ ತಂದ ಸಾರಜನಕ ಅದು. ಕಡಬದಲ್ಲಿ ನಡೆಯುವ ಬಾಯಿ ತಪಾಸಣೆಯ ಶಿಬಿರಗಳಿಗೆ ಅದನ್ನು ಬಸ್ಸಿನಲ್ಲಿ ಒಯ್ಯುವ ಹಾಗಿರಲಿಲ್ಲ. ಅಲ್ಲಿನ ಚೂರುಗಳು ಬರೀ ಮಂಜುಗಡ್ಡೆಯ ಡಬ್ಬಿಯಲ್ಲಿ ಎರಡು ಬಸ್ಸು ಬದಲಿಸಿ ಬರುತ್ತಿದ್ದವು. ಅವುಗಳಲ್ಲೂ ಗೆರೆ ಅಷ್ಟೇ ದಪ್ಪಕ್ಕೆ ಮೂಡಿದಾಗ ನಾನು ಖುಷಿಪಟ್ಟಿದ್ದೆ.

ಶೀಶೆ ಮುಗಿಯುತ್ತ ಬಂದು ಬೇರೆ ಕಂಪನಿಯದನ್ನು ತರಿಸಿದಾಗ ಆ ದಪ್ಪ ಗೆರೆ ಕಾಣಲಿಲ್ಲ. ತಿಂಗಳುಗಟ್ಟಲೆ ನನ್ನ ಕೈಯದೇ ತಪ್ಪೆಂದು ಅದನ್ನೇ ಮತ್ತೆ ಮತ್ತೆ ಮಾಡಿದೆ. ಕೊನೆಗೆ ನನ್ನ ಮಾರ್ಗದರ್ಶಕಿ ಮೇಡಂ ದೂರದ ಪ್ರಯೋಗಾಲಯವೊಂದರಿಂದ ಈ ಕಿಣ್ವವೇ ಇಲ್ಲದಂತೆ ಮಾಡಿದ ಜೀವಕೋಶಗಳನ್ನು ತರಿಸಿದರು. ಹಳೆಯ ಶೀಶೆಯ ತಳದಲ್ಲಿ ಉಳಿದದ್ದನ್ನು ಅವುಗಳ ಪ್ರೋಟೀನು ಇಳಿಸಿದ ಹಾಳೆಯ ಮೇಲೆ ಹಾಕಿದೆ. ಕಿಣ್ವವಿಲ್ಲದ ಕಡೆಯೂ ಅದೇ ಗೆರೆ, ಅದೇ ಜಾಗದಲ್ಲಿ. ಪ್ರತಿಕಾಯ ಬೇರೆ ಯಾವುದೋ ಪ್ರೋಟೀನಿಗೆ ಅಂಟಿಕೊಳ್ಳುತ್ತಿತ್ತು.

ಮೇಡಂ ಗೆರೆ ಮೂಡಿದ ಫಿಲ್ಮನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಎಂತ ಮಾಡುದು ಮಾರಾಯ್ತಿ," ಎಂದರು. "ಬೇರೆಯವರು ಹೇಳುವ ಮೊದಲು ನಮಗೇ ಗೊತ್ತಾಯ್ತಲ್ಲ. ಮನೆಗೆ ಹೋಗಿ ಮಲಗು."

ಮಲಗಿದರೂ ಒಬ್ಬರ ನೆನಪು ಬಿಡಲಿಲ್ಲ. ಈಶ್ವರಮಂಗಲದಲ್ಲಿ ಬುರ್ಖಾ ಹೊಲಿಯುತ್ತಿದ್ದ ಬ್ಯಾರಿ ಹೆಂಗಸು. ಹಬ್ಬದ ಹೊಲಿಗೆಯ ದಿನಗಳಲ್ಲಿ ನಿದ್ದೆ ತಡೆಯಲು ಶುರುಮಾಡಿದ ಎಲೆಯಡಿಕೆ ಅವರ ಬಾಯಿ ಬಿಟ್ಟಿರಲಿಲ್ಲ. ಚೂರು ಕೊಟ್ಟವರಲ್ಲಿ ಫೋನು ಮಾಡುತ್ತಿದ್ದವರು ಅವರೊಬ್ಬರೇ. "ಮೋಳೇ," ಎಂದು ಮಗಳನ್ನು ಕರೆದ ಹಾಗೆ ಕರೆದು, "ನನ್ನ ತುಂಡು ಎಂತ ಹೇಳ್ತದೆ?" ಎಂದು ಕೇಳುತ್ತಿದ್ದರು. "ನೋಡ್ತಾ ಇದ್ದೇವೆ ಅಕ್ಕ," ಎನ್ನುತ್ತಿದ್ದೆ ನಾನು.

ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿತು. ಪುತ್ತೂರು ಬಸ್ಸು ಹತ್ತಿ ಕಾವು ಎಂಬ ಊರಿನಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು ಅವರ ಮನೆಗೆ ಹೋದೆ. ಅವರು ಮೆಷಿನು ನಿಲ್ಲಿಸಿ ಲಿಂಬೆ ಶರಬತ್ತು ತಂದರು.

"ಅಕ್ಕ, ನಾವು ನೋಡಿದ್ದು ತಪ್ಪು. ಆ ಮದ್ದು ಬೇರೆ ಎಂತದಕ್ಕೋ ಅಂಟಿಕೊಳ್ತಾ ಇತ್ತು."

"ಅಂದ್ರೆ ನನಗೆ ಕ್ಯಾನ್ಸರ್ ಉಂಟಾ?"

"ಇಲ್ಲ, ಇಲ್ಲ. ಆಸ್ಪತ್ರೆಯವರ ರಿಪೋರ್ಟೇ ಬೇರೆ, ಅದು ಸರಿ ಉಂಟು. ಇದು ನಮ್ಮ ಓದಿಗೆ ಮಾಡಿದ್ದು. ಆರು ತಿಂಗಳಿಗೊಮ್ಮೆ ಡಾಕ್ಟರು ನೋಡ್ತಾರಲ್ಲ, ಮುಖ್ಯ ಅದು."

"ನಾನು ಹೋಗ್ಲಿಲ್ಲ."

"ಯಾವಾಗಿಂದ?"

"ಒಂದು ಸಲವೂ ಹೋಗ್ಲಿಲ್ಲ ಮೋಳೇ. ನೀವು ನೋಡ್ತಾ ಇದ್ದೀರಲ್ಲ. ಏನಾದ್ರೂ ಇದ್ರೆ ನೀನು ಹೇಳ್ತಿ ಅಂತ ಧೈರ್ಯ ಇತ್ತು."

ಶರಬತ್ತಿನ ಲೋಟ ಕೆಳಗಿಟ್ಟೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಇದರಿಂದ ನಿಮಗೆ ಪ್ರಯೋಜನವಿಲ್ಲ ಎಂದು ಒಮ್ಮೆ ಓದಿ ಹೇಳಿದ್ದೆ. ಆಮೇಲೆ ಎರಡು ವರ್ಷ ಫೋನಿನಲ್ಲಿ "ನೋಡ್ತಾ ಇದ್ದೇವೆ" ಎಂದು ಅದನ್ನು ನಾನೇ ಅಳಿಸಿದ್ದೆ. ಬಾಯಿ ತೆರೆಯಲು ಹೇಳಿ ಮೊಬೈಲಿನ ಬೆಳಕು ಬಿಟ್ಟೆ. ನಾನು ಡಾಕ್ಟರಲ್ಲ, ಆದರೂ ಒಳಗೆನ್ನೆಯ ಮಚ್ಚೆ ಹರಡಿದ್ದು ಕಾಣುತ್ತಿತ್ತು.

ಮರುದಿನವೇ ಪುತ್ತೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಇಬ್ಬರಿಗೂ ಬೈದು, ಇನ್ನೊಂದು ಚೂರು ತೆಗೆದರು. ಹೊರಬರುವಾಗ ಅಕ್ಕ ಹತ್ತಿ ಕಚ್ಚಿಕೊಂಡೇ ತೊದಲಿದರು: "ನಿನ್ನ ಓದಿಗೂ ಸ್ವಲ್ಪ ತುಂಡು ಬೇಡ್ವಾ?" ಬೇಡ ಅಕ್ಕ ಎಂದೆ. ರಿಪೋರ್ಟು ಬರುವವರೆಗಿನ ವಾರ ನಾನು ಯಾವ ಪ್ರಯೋಗವನ್ನೂ ಸರಿಯಾಗಿ ಮಾಡಲಿಲ್ಲ. ಕ್ಯಾನ್ಸರ್ ಆಗಿರಲಿಲ್ಲ, ಆದರೆ ಮೊದಲಿಗಿಂತ ಹತ್ತಿರ ಹೋಗಿತ್ತು. ಮಚ್ಚೆಯನ್ನು ಪೂರ್ತಿ ತೆಗೆದರು. ಹೊಗೆಸೊಪ್ಪು ಬಿಟ್ಟಿದ್ದೇನೆ, ಅಡಿಕೆ ಬಿಡಲಾಗಿಲ್ಲ ಎಂದು ಅವರು ಸುಳ್ಳಿಲ್ಲದೆ ಹೇಳಿದರು.

ಆಮೇಲೆ ಹೊಸ ಪ್ರತಿಕಾಯದೊಂದಿಗೆ ಮೊದಲಿನಿಂದ ಶುರುಮಾಡಿದೆ. ಕಡಬದ ಚೂರುಗಳಲ್ಲಿ ಏನೂ ಕಾಣಲಿಲ್ಲ. ಕಿಣ್ವ ದಾರಿಯಲ್ಲೇ ಮುಗಿದಿತ್ತು. ಪುತ್ತೂರಿನ ಕೆಲವದರಲ್ಲಿ ಮಾತ್ರ ಮಸುಕಾದ ಗೆರೆ. ಅಷ್ಟರಿಂದ ದೊಡ್ಡ ಮಾತು ಹೇಳುವಂತಿರಲಿಲ್ಲ, ಹೇಳಲೂ ಇಲ್ಲ. ಪ್ರತಿಕಾಯವನ್ನು ಹೇಗೆ ಪರೀಕ್ಷಿಸಿದೆವು ಎಂಬ ಅಧ್ಯಾಯವೇ ನನ್ನ ಪ್ರಬಂಧದಲ್ಲಿ ಎಲ್ಲಕ್ಕಿಂತ ಉದ್ದವಾಯಿತು. ಪದವಿ ಸಿಕ್ಕಿದ ದಿನ ಮನೆಯಲ್ಲಿ ಪಾಯಸ ಮಾಡಿದರು. ಉಂಡು ಮಧ್ಯಾಹ್ನವಿಡೀ ನಿದ್ದೆ ಮಾಡಿದೆ.

ಈಗಲೂ ಅದೇ ಕೆಲಸ. ಸಹಿ ಹಾಕಿಸುವ ಮೊದಲು, "ಇದರ ರಿಪೋರ್ಟು ನಿಮಗೆ ಬರುದಿಲ್ಲ, ಡಾಕ್ಟರ ಹತ್ತಿರ ಹೋಗುದು ಬಿಡ್ಬೇಡಿ," ಎಂದು ಮೂರು ಸಲ ಹೇಳುತ್ತೇನೆ. ಹಾಗಾದರೆ ಯಾಕೆ ಕೊಡಬೇಕು ಎಂದು ಕೆಲವರು ಎದ್ದು ಹೋಗುತ್ತಾರೆ. ನಾನು ತಡೆಯುವುದಿಲ್ಲ.