ನನಗಿಂತ ಚಿಕ್ಕ ದೊಡ್ಡಮ್ಮನ ಫ್ರಾಕು

ಆಗ ಹಲಸೂರಿನ ನಮ್ಮ ಬೀದಿಯಲ್ಲಿ ಮಕ್ಕಳ ಬಟ್ಟೆಯನ್ನು ಯಾರೂ ಮೈಗೆ ಸರಿಯಾಗಿ ಹೊಲಿಸುತ್ತಿರಲಿಲ್ಲ. ಬೆಳೆಯುವ ಮಕ್ಕಳು ಎನ್ನುವುದೊಂದೇ ಮಂತ್ರ. ಒಳಗೆ ಎರಡು ಬೆರಳು ಬಟ್ಟೆ ಬಿಡಿಸಿ, ಕೆಳಗೆ ಗೇಣುದ್ದ ಮಡಿಸಿ, ಮೊದಲ ವರ್ಷ ನಮ್ಮನ್ನು ಗೋಣಿಚೀಲದೊಳಗೆ ನಿಲ್ಲಿಸಿದ ಹಾಗೆ ನಿಲ್ಲಿಸುತ್ತಿದ್ದರು. ಪ್ರತಿ ಜೂನ್‌ನಲ್ಲಿ ನನ್ನ ಯೂನಿಫಾರ್ಮಿನ ಮಡಿಕೆ ಬಿಚ್ಚಿದಾಗ ಲಂಗದ ಅಂಚಿನಲ್ಲಿ ಮಾಸದ ನೀಲಿಯ ಪಟ್ಟಿಯೊಂದು ಕಾಣುತ್ತಿತ್ತು. ನಾನೆಷ್ಟು ಬೆಳೆದೆ ಎಂಬುದು ಅದರಿಂದಲೇ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಹೊಲಿಯುತ್ತಿದ್ದವಳು ಅಜ್ಜಿ, ಅಮ್ಮನ ಅಮ್ಮ. ಪ್ರಾಯದಲ್ಲಿ ದಂಡಿನ, ಅಂದರೆ ಕಂಟೋನ್ಮೆಂಟಿನ, ದೊರೆಸಾನಿಯೊಬ್ಬರ ಹತ್ತಿರ ಫ್ರಾಕು ಕತ್ತರಿಸುವುದನ್ನು ಕಲಿತಿದ್ದಳು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ತೊಂಬತ್ತರ ದಶಕದ ಒಂದು ಡಿಸೆಂಬರ್, ಶಾಲೆಯ ವಾರ್ಷಿಕೋತ್ಸವಕ್ಕೆ ಹಳೇ ಬೆಂಗಳೂರಿನ ವೇಷಗಳಾಗಬೇಕೆಂದು ಮಿಸ್ ಹೇಳಿದರು. ನನ್ನ ಪಾಲಿಗೆ ಬಂದದ್ದು ದಂಡಿನ ಹಳೇ ಕಾಲದ ಹುಡುಗಿ. ಬುಗ್ಗೆ ತೋಳು, ದುಂಡು ಕಾಲರು, ಸೊಂಟಕ್ಕೆ ಅಗಲದ ರಿಬ್ಬನ್ನು. ಅಜ್ಜಿ ಕೇಳಿದ್ದೇ ತಡ, ಟ್ರಂಕಿನ ತಳದಿಂದ ಕಂದು ಕಾಗದದ ಸುರುಳಿಯೊಂದನ್ನು ತೆಗೆದಳು. ನುಸಿಗುಳಿಗೆಯ ವಾಸನೆ ಕೋಣೆಗೆಲ್ಲ ಹರಡಿತು. ಫ್ರಾಕಿನ ಬೆನ್ನು, ಎದೆ, ತೋಳು ಎಲ್ಲವನ್ನೂ ಆ ಕಾಗದದಲ್ಲಿ ಅಳತೆಗೆ ಕತ್ತರಿಸಿಟ್ಟಿದ್ದಳು. ಮೂಲೆಯಲ್ಲಿ ಪೆನ್ಸಿಲಿನಿಂದ 'ವಿಮಲಾ' ಎಂದು ಬರೆದಿತ್ತು.

ವಿಮಲಾ ಅಮ್ಮನ ಅಕ್ಕ. ಜ್ವರ ಬಂದು ಎಂಟನೇ ವಯಸ್ಸಿಗೇ ಹೋದವಳು. ಹಾಗಾಗಿ ನನಗೆ ನನಗಿಂತ ಚಿಕ್ಕವಳಾದ ಒಬ್ಬ ದೊಡ್ಡಮ್ಮ ಇದ್ದಳು. ಮನೆಯಲ್ಲಿ ಅವಳ ಫೋಟೋ ಒಂದೂ ಇರಲಿಲ್ಲ. ತೆಗೆಸೋಣ ತೆಗೆಸೋಣ ಎನ್ನುವಷ್ಟರಲ್ಲಿ ಹೋಗಿಬಿಟ್ಟಳಂತೆ.

ಲೇಸು ತರಲು ಶಿವಾಜಿನಗರಕ್ಕೆ ಹೋದೆವು. "ಬಚ್ಚೀಗೆ ಉಮರ್ ಎಷ್ಟಮ್ಮಾ?" ಎಂದು ಅಂಗಡಿಯ ಸಾಹೇಬರು ಕೇಳಿದರು.

"ಎಂಟು," ಎಂದಳು ಅಜ್ಜಿ.

ನನಗೆ ಒಂಬತ್ತು ತುಂಬಿತ್ತು. ಅಜ್ಜಿಗೆ ಲೆಕ್ಕ ತಪ್ಪಿತೆಂದುಕೊಂಡು ಸುಮ್ಮನಾದೆ. ಆದರೆ ಮನೆಗೆ ಬಂದಮೇಲೂ ಅವಳು ಟೇಪನ್ನು ನನ್ನ ಮೈಗೆ ಹಿಡಿಯಲೇ ಇಲ್ಲ. ಕಾಗದವನ್ನು ಬಟ್ಟೆಯ ಮೇಲೆ ಹರಡಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದಳು. ಮೊದಲ ಸಲ ತೊಡಿಸಿದಾಗ ಎದೆ ಬಿಗಿದು ಉಸಿರಾಡಲಾಗಲಿಲ್ಲ. ಹೊಟ್ಟೆ ಒಳಗೆಳೆದುಕೊಂಡು ನಿಂತೆ. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಸರಿಯಾಗಿದೆ. ಎಲ್ಲಿ, ಒಂದ್ಸಲ ತಿರುಗು ವಿಮಲಾ."

ನಾನು ತಿರುಗಿದೆ. ಅಜ್ಜಿ ನನ್ನನ್ನು ಅಷ್ಟು ಆಸೆಯಿಂದ ಎಂದೂ ನೋಡಿರಲಿಲ್ಲ. ಆ ನೋಟ ನನ್ನದಲ್ಲವೆಂದು ಗೊತ್ತಿತ್ತು. ಆದರೂ ನನಗದು ಬೇಕಿತ್ತು.

ಅದು ಅವರೆಕಾಯಿ ಕಾಲ. ಬೀದಿಯ ಉದ್ದಕ್ಕೂ ಸೊಗಡಿನ ಘಮ. ಹಿತಕಿದವರೆ ಸಾರೆಂದರೆ ಪ್ರಾಣ ಬಿಡುತ್ತಿದ್ದ ನಾನು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡೆ. ಬೆಳಗಿನ ದೋಸೆ ಮೇಜಿನ ಕೆಳಗೆ ಬೆಕ್ಕಿಗೆ, ಶಾಲೆಯ ಡಬ್ಬಿ ಗೆಳತಿಯರಿಗೆ. ಬಾಗಿಲ ಹಿಂದೆ ನೇತುಹಾಕಿದ ಫ್ರಾಕು ಫ್ಯಾನಿನ ಗಾಳಿಗೆ ಮೆಲ್ಲನೆ ನನ್ನ ಕಡೆ ತಿರುಗುತ್ತಿತ್ತು. ಅದರೊಳಗೆ ಯಾರೋ ಇದ್ದಾರೆ, ನಾನು ಬೆಳೆದರೆ ಅವರಿಗೆ ಜಾಗ ಇರುವುದಿಲ್ಲ ಎಂದು ನಿಜವಾಗಿಯೂ ನಂಬಿದ್ದೆ. ಹೆದರಿಕೆಯಾಗುತ್ತಿತ್ತು. ಯಾರಿಗೂ ಹೇಳಲಿಲ್ಲ.

ಒಂದು ಸಂಜೆ ಕುಂಟೆಬಿಲ್ಲೆ ಆಡುವಾಗ ಕಣ್ಣು ಕತ್ತಲಿಟ್ಟು ಬೀದಿಯಲ್ಲೇ ಕುಸಿದೆ. ಪಕ್ಕದ ಮನೆಯವರು ಎತ್ತಿಕೊಂಡು ಬಂದು ಮಲಗಿಸಿದರು. ಅಮ್ಮ ಗದರಿಸಿ ಕೇಳಿದಾಗ ಬಾಯಿಬಿಟ್ಟೆ.

"ಫ್ರಾಕು ಹಿಡಿಯಲ್ಲಮ್ಮ. ನಾನು ಬೆಳೀಬಾರ್ದು."

ಅಮ್ಮ ಫ್ರಾಕನ್ನು ಕಿತ್ತುಕೊಂಡು ಬಂದು ಹೊಲಿಗೆ ಬಿಚ್ಚಲು ಒಳಮೈ ತಿರುಗಿಸಿದಳು. ಅಲ್ಲೇ ನಿಂತಳು.

"ಏನಮ್ಮ ಇದು? ಒಳಗೆ ಬಟ್ಟೇನೇ ಬಿಟ್ಟಿಲ್ವಲ್ಲ ನೀನು!"

ಮೆಷಿನ್ನಿನ ಮುಂದಿದ್ದ ಅಜ್ಜಿ ತಲೆ ಎತ್ತಲಿಲ್ಲ. "ಯಾಕೆ ಬಿಡ್ಬೇಕು? ಅವಳೇನು ಬೆಳೀತಾಳಾ?"

ಹೇಳಿದ ಮಾತು ಅವಳಿಗೇ ಕೇಳಿಸಿರಬೇಕು. ಮೆಷಿನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

"ಇವಳು ಬೆಳೀಬೇಕಮ್ಮ," ಎಂದಳು ಅಮ್ಮ, ಅಳುತ್ತ. "ನಿನ್ನ ಫ್ರಾಕಿಗೋಸ್ಕರ ಊಟ ಬಿಟ್ಟಿದಾಳೆ."

ಅಜ್ಜಿ ಮೆಷಿನ್ನಿನ ಮೇಲಿದ್ದ ಟೇಪನ್ನು ಎತ್ತಿಕೊಂಡಳು. ಆಮೇಲೆ ನನ್ನನ್ನು ಕರೆದು, "ಕೈ ಎತ್ತು," ಎಂದಳು. ಎದೆ, ಭುಜ, ತೋಳು, ಸೊಂಟ ಎಲ್ಲಕ್ಕೂ ಟೇಪು ಹಿಡಿದಳು. ಅವಳ ಬೆರಳುಗಳು ತಣ್ಣಗಿದ್ದವು. ನಂತರ ಆ ಕಂದು ಕಾಗದವನ್ನು ನೆಲದ ಮೇಲೆ ಹರಡಿ ಕತ್ತರಿ ಎತ್ತಿಕೊಂಡಳು.

"ಬೇಡಮ್ಮ, ಅದನ್ನ ಕತ್ತರಿಸ್ಬೇಡ. ಹೊಸ ಪೇಪರ್ ತರ್ತೀನಿ ತಾಳು," ಎಂದಳು ಅಮ್ಮ.

"ಇರ್ಲಿ ಬಿಡು. ಮೊದ್ಲು ಮಗುಗೆ ಊಟ ಹಾಕು."

ಒಂದೊಂದು ತುಂಡನ್ನೂ ನಡುವೆ ಉದ್ದಕ್ಕೆ ಕತ್ತರಿಸಿದಳು. ಮೈದಾ ಅಂಟು ಕಾಸಿ, ಎರಡು ಹೋಳುಗಳ ಮಧ್ಯೆ ನ್ಯೂಸ್‌ಪೇಪರಿನ ಪಟ್ಟಿ ಅಂಟಿಸಿ, ನನ್ನ ಅಗಲಕ್ಕೆ ತಂದಳು. ಆಮೇಲೆ ರಬ್ಬರು ಕೇಳಿದಳು. ನನ್ನ ಪೆನ್ಸಿಲ್ ಡಬ್ಬಿಯಿಂದ ತೆಗೆದು ಕೊಟ್ಟೆ. ಮೂಲೆಯ ಹೆಸರನ್ನು ಅಳಿಸಿ, ಊದಿ, 'ಆಶಾ' ಎಂದು ನನ್ನ ಹೆಸರು ಬರೆದಳು. ನಾನು ಅನ್ನ ಕಲಸಿಕೊಳ್ಳುತ್ತ ನೋಡುತ್ತಿದ್ದೆ. ಗೆದ್ದೆ ಅನ್ನಿಸಿತು.

ಹೊಸ ಫ್ರಾಕು ಚೆನ್ನಾಗಿ ಕೂತಿತು. ವೇದಿಕೆಯ ಮೇಲೆ ಚಪ್ಪಾಳೆಯೂ ಬಿತ್ತು. ಅಂದಿನಿಂದ ಅಜ್ಜಿ ಒಂದು ದಿನವೂ ನನ್ನ ಹೆಸರು ತಪ್ಪಲಿಲ್ಲ, ಆ ಇನ್ನೊಂದು ಹೆಸರನ್ನು ಎತ್ತಲೂ ಇಲ್ಲ. ಮನೆಯಿಂದ ಒಬ್ಬರು ಕಡಿಮೆಯಾದಂತಿತ್ತು. ಕೆಲವು ವರ್ಷಗಳ ನಂತರ ಅಜ್ಜಿ ತೀರಿಕೊಂಡಳು. ನಾವು ಕೃಷ್ಣರಾಜಪುರಕ್ಕೆ ಮನೆ ಬದಲಿಸುವಾಗ ಟ್ರಂಕು ತೆರೆದರೆ, ಅಂಟಿನ ಆಸೆಗೆ ಬಂದ ಜಿರಳೆಗಳು ಕಾಗದವನ್ನು ಜರಡಿ ಮಾಡಿದ್ದವು.

ಈಗ ನಾನೂ ಒಂದಿಷ್ಟು ಹೊಲಿಯುತ್ತೇನೆ. ಆ ಕಾಗದವನ್ನು ಕತ್ತರಿಸಬೇಕಾಗಿರಲಿಲ್ಲ, ಬಟ್ಟೆಯ ಮೇಲೆ ಅದರ ಹೊರಗಿನಿಂದ ನನ್ನ ಅಳತೆಗೆ ಇನ್ನೊಂದು ಗೆರೆ ಎಳೆದಿದ್ದರೆ ಸಾಕಾಗುತ್ತಿತ್ತು ಎಂದು ನನಗೆ ಗೊತ್ತು. ಅಜ್ಜಿಗೂ ಗೊತ್ತಿತ್ತು. ಅಮ್ಮನಿಗೆ ತನ್ನ ಅಕ್ಕನ ಮುಖ ನೆನಪಿಲ್ಲ. ವಿಮಲಾ ಎಂಬ ಹುಡುಗಿಯ ಭುಜ ಎಷ್ಟಗಲವಿತ್ತು, ತೋಳು ಎಷ್ಟುದ್ದವಿತ್ತು ಎಂದು ಹೇಳಬಲ್ಲದ್ದು ಲೋಕದಲ್ಲಿ ಆ ಕಾಗದವೊಂದೇ ಆಗಿತ್ತು. ಅಳಿಸಲು ರಬ್ಬರು ಕೊಟ್ಟವಳು ನಾನು.